ಹನ್ನೆರಡನೆಯ ಸೂಜಿ

ಬೆಳಕು ಹರಿಯುವ ಮುಂಚೆ ಅವಳಿಗೆ ಇದ್ದ ಕೆಲಸಗಳು ಇವು. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಎದ್ದು ಎರಡು ಡ್ರಮ್ಮು, ನಾಲ್ಕು ಬಕೆಟ್ಟು ತುಂಬುವುದು. ಅತ್ತೆಯ ಮೊಣಕಾಲಿಗೆ ಬಿಸಿನೀರಿನ ಚೀಲ ಇಡುವುದು. ಮಾತ್ರೆಗೆ ಮುಂಚೆ ಅರ್ಧ ಲೋಟ ಹಾಲು, ಆಮೇಲೆ ಮಾತ್ರೆ, ಮಾತ್ರೆ ನುಂಗಿದ ಮೇಲೆ ಉಳಿದರ್ಧ ಲೋಟ. ಒಟ್ಟಿಗೆ ಕೊಟ್ಟರೆ ಅತ್ತೆಗೆ ಎದೆಯುರಿ. ಒಲೆಯ ಒಂದು ಉರಿಯ ಮೇಲೆ ಅಡುಗೆ, ಇನ್ನೊಂದರ ಮೇಲೆ ಸ್ನಾನದ ನೀರು. ಮೂರು ಊಟದ ಡಬ್ಬಿ, ಮೂರಕ್ಕೆ ಮೂರು ಅಳತೆಯ ಮುಚ್ಚಳ. ಅದಲುಬದಲಾದರೆ ಮಧ್ಯಾಹ್ನ ಯಾರದಾದರೂ ಚೀಲದಲ್ಲಿ ಸಾರು, ಸಂಜೆ ಅವಳಿಗೆ ಬೈಗುಳ. ನೆನೆಸಿಟ್ಟ ಬಟ್ಟೆ ಒಗೆದು ಹರವುವುದು. ಗಂಡನ ಅಂಗಿಗೆ ಇಸ್ತ್ರಿ. ಕಡೆಗೆ ಮಗಳ ತಲೆ ಬಾಚುವುದು. ಮಗಳಿಗೆ ಹದಿಮೂರು ತುಂಬಿದೆ, ತಾನೇ ಬಾಚಿಕೊಳ್ಳಬಲ್ಲಳು, ಆದರೆ ಆ ಹತ್ತು ನಿಮಿಷ ಇಬ್ಬರೂ ಬಿಟ್ಟುಕೊಡಲು ತಯಾರಿಲ್ಲ.

ಅವತ್ತು ಅಂಗಿಯವರೆಗೆ ಎಲ್ಲವೂ ಎಂದಿನಂತೆಯೇ ನಡೆಯಿತು. ಗೂಟದಿಂದ ಅಂಗಿ ತೆಗೆದು ಮೇಜಿನ ಮೇಲೆ ಹರಡಿದಾಗ ಎರಡನೆಯ ಗುಂಡಿ ನೇತಾಡುತ್ತಿರುವುದು ಕಂಡಿತು. ಪಕ್ಕದಲ್ಲೇ ಬಟ್ಟೆಗೆ ಚುಚ್ಚಿಟ್ಟ ಸೂಜಿ, ಅದರಲ್ಲಿ ಗೇಣುದ್ದ ಬಿಳಿ ದಾರ. ಮೊನ್ನೆ ಹಾಕಲು ಕೂತಿದ್ದ ಗುಂಡಿ ಅದು. ಮೂರು ಹೊಲಿಗೆ ಹಾಕುವಷ್ಟರಲ್ಲಿ ಅತ್ತೆ ಕರೆದಿದ್ದರು. ಬಂದು ಇನ್ನೊಂದು ಹಾಕುವಷ್ಟರಲ್ಲಿ ಹಾಲು ಉಕ್ಕಿತ್ತು. ಅವಳ ಮನೆಯಲ್ಲಿ ಯಾವ ಹೊಲಿಗೆಯೂ ಒಮ್ಮೆ ಕೂತಾಗಲೇ ಮುಗಿದದ್ದಿಲ್ಲ. ಯಾರಾದರೂ ಕರೆದ ಕೂಡಲೇ ಹೆಬ್ಬೆರಳು ತೋರುಬೆರಳು ಸೂಜಿಯನ್ನು ಬಟ್ಟೆಯ ಅಂಚಿನಲ್ಲಿ ಒಮ್ಮೆ ಒಳಗೆ, ಒಮ್ಮೆ ಹೊರಗೆ, ಮತ್ತೊಮ್ಮೆ ಒಳಗೆ ತಳ್ಳಿ ಬಿಡುತ್ತವೆ. ಮದುವೆಯಾದ ಹದಿನೇಳು ವರ್ಷದಲ್ಲಿ ಬೆರಳುಗಳು ಇದನ್ನು ಅವಳನ್ನು ಕೇಳದೆಯೇ ಕಲಿತುಕೊಂಡಿದ್ದವು.

ಅವಳು ಆ ಸೂಜಿಯನ್ನು ನೋಡುತ್ತ ನಿಂತಳು. ತಲೆಗಿಂತ ಮೊದಲು ಕೈಗೆ ನೆನಪಾಯಿತು. ನಿನ್ನೆ ಸಂಜೆ, ಹೆಡ್‌ಮಿಸ್ಸಿನ ಮನೆಯಲ್ಲಿ, ಮಡಿಲಲ್ಲಿ ಹೊದಿಕೆ ಇಟ್ಟುಕೊಂಡಿದ್ದಾಗ ಫೋನು ಬಂದಿತ್ತು. ಆಗಲೂ ಬೆರಳುಗಳು ಇದನ್ನೇ ಮಾಡಿದ್ದವು. ಒಮ್ಮೆ ಒಳಗೆ, ಒಮ್ಮೆ ಹೊರಗೆ, ಮತ್ತೊಮ್ಮೆ ಒಳಗೆ.

ಇಸ್ತ್ರಿಪೆಟ್ಟಿಗೆಯ ಅಡಿಯಿಂದ ಸುಟ್ಟ ವಾಸನೆ ಬಂತು. ಅಂಗಿಯ ತೋಳಿನ ಮೇಲೆ ಕಂದು ಬಣ್ಣದಲ್ಲಿ ಅದರ ಮೂತಿ ಮೂಡಿತ್ತು.

"ಏನೇ ಅದು ವಾಸನೆ?" ಗಂಡ ಬಚ್ಚಲಿಂದಲೇ ಕೂಗಿದ.

"ಬೇರೆ ಅಂಗಿ ಹಾಕ್ಕೊಳ್ಳಿ ಇವತ್ತು."

"ಊರಿನ ಮಕ್ಕಳಿಗೆಲ್ಲ ಹೊಲೀತೀಯ, ಗಂಡನಿಗೆ ಒಂದು ಅಂಗಿ ನೆಟ್ಟಗೆ ಕೊಡೋಕಾಗಲ್ಲ."

ಬೇರೆ ದಿನವಾಗಿದ್ದರೆ ಅದಕ್ಕೆ ತಕ್ಕ ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಅವತ್ತು ಅವಳು ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದಳು.

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಸೂಜಿಯಕ್ಕ ಎನ್ನುತ್ತಿದ್ದರು. ಹೆಸರು ಬಂದದ್ದು ಆರು ವರ್ಷದ ಹಿಂದೆ. ಸರ್ಕಾರಿ ಆಸ್ಪತ್ರೆಯ ಎಳೆಮಕ್ಕಳ ವಾರ್ಡಿಗೆಂದು ಕೆಲವು ಹೆಂಗಸರು ಮನೆಮನೆಗೆ ಹೋಗಿ ಚಂದಾ ಎತ್ತುತ್ತಿದ್ದರು. ಅವರ ಮುಂದಾಳು ನಿವೃತ್ತ ಹೆಡ್‌ಮಿಸ್ಸು. ಅವರು ಬಂದದ್ದು ನಡುಹಗಲಲ್ಲಿ, ಗಂಡಸರು ಮನೆಯಲ್ಲಿಲ್ಲದ ಹೊತ್ತಿನಲ್ಲಿ. ಹಾಗಾಗಿ ಬಾಗಿಲು ಬಾಗಿಲಿಗೂ ಒಂದೇ ಉತ್ತರ: "ಸಂಜೆ ಅವರು ಬಂದ ಮೇಲೆ ಕೇಳಿ ಕೊಡ್ತೀನಿ." ಇವಳೂ ಅದನ್ನೇ ಹೇಳಬೇಕಾಯಿತು. ಹೇಳಿದ ಮೇಲೆ ನಾಚಿಕೆಯಾಯಿತು. ಮೂವತ್ತು ದಾಟಿದ ಹೆಂಗಸು, ಇಡೀ ಮನೆ ನಡೆಸುವವಳು, ಕೈಯಿಂದ ಬಿಡಿಗಾಸು ಕೊಡುವ ಹಾಗಿಲ್ಲ. ಆಸ್ಪತ್ರೆಯ ಆ ವಾರ್ಡು ಅವಳಿಗೆ ಹೊಸದಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಮಗಳು ಅಲ್ಲಿ ಹದಿನೆಂಟು ದಿನ ಇದ್ದಳು. ಒಳಗೆ ಓಡಿಹೋಗಿ ಪೆಟ್ಟಿಗೆಯಿಂದ ತನ್ನದೊಂದು ಮೆತ್ತನೆಯ ಹಳೆಯ ಸೀರೆ ತಂದು ಕೊಟ್ಟಳು. "ಇದಕ್ಕೆ ಯಾರ ಅಪ್ಪಣೇನೂ ಬೇಡ ಮಿಸ್. ಇದು ನಂದೇ."

ಮಾತು ಬೀದಿಯಲ್ಲಿ ಹರಡಿತು. ಮರುದಿನದಿಂದ ಪ್ರತಿ ಮನೆಯಿಂದಲೂ ಬಟ್ಟೆ ಬರತೊಡಗಿತು. ಹೆಡ್‌ಮಿಸ್ಸು ಆ ರಾಶಿಯ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತು, "ಇದನ್ನೇನು ತಲೆ ಮೇಲೆ ಹೊತ್ಕೊಳ್ಳಲಾ?" ಎಂದಿದ್ದರು. "ಹೊಲಿಯೋಣ" ಎಂದವಳು ಇವಳು. ಹಾಗೆ ಶುರುವಾಯಿತು. ಮನೆಯ ಹೆಂಗಸರು ಕೊಟ್ಟ ಬಟ್ಟೆಯ ತುಂಡುಗಳನ್ನು ಜೋಡಿಸಿ, ನಡುವೆ ತೆಳ್ಳಗೆ ಹತ್ತಿ ಹಾಸಿ, ಎಳೆಮಕ್ಕಳಿಗೆ ಹೊದಿಕೆ. ಅಂಗಡಿಯವರು, ಆಫೀಸಿನವರು ಒಂದೊಂದು ಹೊದಿಕೆಯ ಹೆಸರಿನಲ್ಲಿ ದುಡ್ಡು ಕೊಡುವುದು. ಕೊಟ್ಟವರ ಹೆಸರಿನ ಸಣ್ಣ ಪಟ್ಟಿಯನ್ನು ಹೊದಿಕೆಯ ಮೂಲೆಗೆ ಹೊಲಿಯುವುದು. ಆ ದುಡ್ಡಿನಿಂದ ಮೂರನೆಯ ವರ್ಷ ವಾರ್ಡಿಗೆ ಎಳೆಮಕ್ಕಳನ್ನು ಬೆಚ್ಚಗಿಡುವ ಯಂತ್ರ ಬಂತು. ಅದರ ಇಂಗ್ಲಿಷ್ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಹೆಂಗಸರು ಅದನ್ನು ಬಿಸಿ ತೊಟ್ಟಿಲು ಎಂದರು. ಎರಡನೆಯ ಬಿಸಿ ತೊಟ್ಟಿಲು ಕೊಡಿಸುತ್ತೇನೆಂದು ಈ ಸಲ ಕಬ್ಬಿಣದಂಗಡಿಯ ಯಜಮಾನರು ಒಬ್ಬರೇ ಒಪ್ಪಿದ್ದರು. ಇವತ್ತು ಆಸ್ಪತ್ರೆಗೆ ಬಂದು, ಮಕ್ಕಳನ್ನು ನೋಡಿ, ಎಲ್ಲರೆದುರು ಮಾತು ಕೊಡುವವರಿದ್ದರು.

ಮೊದಲ ವರ್ಷ ಒಂದು ಎಡವಟ್ಟಾಗಿತ್ತು. ಹೊದಿಕೆಯೊಂದರಲ್ಲಿ ಸೂಜಿ ಉಳಿದುಹೋಗಿ ವಾರ್ಡಿನ ದೊಡ್ಡ ಸಿಸ್ಟರ್ ಅಂಗೈಗೆ ಚುಚ್ಚಿತ್ತು. ಆಕೆ ಗಾಯಕ್ಕೆ ಹತ್ತಿ ಒತ್ತಿಕೊಂಡೇ ಹೆಡ್‌ಮಿಸ್ಸಿನ ಮನೆಗೆ ಬಂದಿದ್ದರು. "ನನ್ನ ಕೈಗೆ ಚುಚ್ಚಿತು, ಹೋಗಲಿ. ಒಳಗೆ ಮಲಗಿರೋ ಮಕ್ಕಳ ಮೈ ನೋಡಿದ್ದೀರಾ ನೀವು? ಚರ್ಮ ಅಲ್ಲ ಅದು, ಈರುಳ್ಳಿ ಸಿಪ್ಪೆ. ಇನ್ನೊಂದು ಸಲ ಹೀಗಾದ್ರೆ ಕೈಯಲ್ಲಿ ಮಾಡಿದ್ದು ಒಂದೆಳೆ ದಾರಾನೂ ನನ್ನ ಬಾಗಿಲು ದಾಟಲ್ಲ."

ಅಂದಿನಿಂದ ಗುಂಪಿಗೆ ಒಂದು ಕಟ್ಟಳೆ. ಹನ್ನೆರಡು ಹೆಂಗಸರು, ಹನ್ನೆರಡು ಸೂಜಿ, ಅವನ್ನು ಚುಚ್ಚಿಡಲು ಒಂದು ಮೆತ್ತೆ. ಮೆತ್ತೆಯ ಮೇಲೆ ಹನ್ನೆರಡು ಕೆಂಪು ಚುಕ್ಕೆ. ಯಾರು ಯಾವ ಕಾರಣಕ್ಕೆ ಎದ್ದರೂ, ನೀರು ಕುಡಿಯಲು ಎದ್ದರೂ, ಸೂಜಿ ಮೊದಲು ಮೆತ್ತೆಗೆ ಹೋಗಬೇಕು. ಸಂಜೆ ಹನ್ನೆರಡೂ ಚುಕ್ಕೆ ತುಂಬದೆ ಬಾಗಿಲ ಚಿಲಕ ತೆಗೆಯುವಂತಿಲ್ಲ. ಲೆಕ್ಕ ನೋಡುವವಳು ಇವಳು. ಹೆಡ್‌ಮಿಸ್ಸು ಬಾಗಿಲಲ್ಲಿ ನಿಂತು "ಲೆಕ್ಕ?" ಎನ್ನುತ್ತಾರೆ, ಇವಳು "ಸರಿ ಇದೆ" ಎನ್ನುತ್ತಾಳೆ. ಹೊದಿಕೆ ಒಪ್ಪಿಸುವ ದಿನ ದೊಡ್ಡ ಸಿಸ್ಟರ್ ಕೂಡ ಇವಳ ಮುಖ ನೋಡಿ ಅದನ್ನೇ ಕೇಳುತ್ತಾರೆ, ಇವಳು ಅದನ್ನೇ ಹೇಳುತ್ತಾಳೆ. ಆರು ವರ್ಷದಲ್ಲಿ ಅವಳ ಬಾಯಿಂದ ಬೇರೆ ಉತ್ತರ ಬಂದದ್ದಿಲ್ಲ. ಮನೆಯಲ್ಲಿ ಅವಳು ಹೇಳಿದ್ದನ್ನು ಯಾರಾದರೂ ಒಂದೇ ಮಾತಿಗೆ ನಂಬಿದ್ದು ನೆನಪಿಲ್ಲ. ಗ್ಯಾಸು ಮುಗಿಯಿತು ಎಂದರೂ ಗಂಡ ಸಿಲಿಂಡರ್ ಅಲ್ಲಾಡಿಸಿ ನೋಡುತ್ತಾನೆ.

ನಿನ್ನೆ ಸಂಜೆ ನಡೆದದ್ದು ಇಷ್ಟು. ಮೂವತ್ತು ಹೊದಿಕೆ ಒಗೆದು ಒಣಗಿಸಿ ಆಗಿತ್ತು. ಮೂಲೆಯ ಹೆಸರು ಪಟ್ಟಿ ಮಾತ್ರ ಬಾಕಿ. ಎಲ್ಲರೂ ಕೂತು ಒಂದೊಂದಾಗಿ ಮುಗಿಸಿ ನಡುವಿನ ಗುಡ್ಡೆಗೆ ಎಸೆಯುತ್ತಿದ್ದರು. ಆಗ ಫೋನು.

"ಸಕ್ಕರೆ ಡಬ್ಬ ಎಲ್ಲಿ?" ಗಂಡನ ದನಿ.

"ಮೇಲಿನ ಶೆಲ್ಫು, ಎಡಗಡೆ, ನೀಲಿ ಮುಚ್ಚಳ."

"ಇಲ್ಲ ಇಲ್ಲಿ."

"ಅಲ್ಲೇ ಇದೆ, ಕಣ್ಣು ಬಿಟ್ಟು ನೋಡಿ."

"ಆಫೀಸಿಂದ ಇಬ್ಬರು ಬಂದು ಕೂತಿದ್ದಾರೆ. ನೀನೇ ಬಂದು ತೆಗಿ."

ಔಷಧದಂಗಡಿಯವನ ಹೆಂಡತಿ ಪಕ್ಕದಿಂದಲೇ, "ಸೂಜಿಯಕ್ಕ, ಮನೆಯದೊಂದು ನಕ್ಷೆ ಬರೆದು ಅವರ ಬೆನ್ನಿಗೆ ಅಂಟಿಸಿಬಿಡಿ" ಎಂದಳು. "ಬೆನ್ನು ಅವರಿಗೆ ಕಾಣಬೇಕಲ್ಲಮ್ಮ" ಎಂದಳು ಇವಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗುತ್ತಲೇ ಮಡಿಲಲ್ಲಿದ್ದ ಹೊದಿಕೆಯನ್ನು ಮಡಚಿ ಗುಡ್ಡೆಗೆ ಹಾಕಿದಳು. ನಗುತ್ತಲೇ ಎದ್ದಳು.

ಎಲ್ಲರ ಕೆಲಸ ಮುಗಿದು ಮೆತ್ತೆ ನೋಡಿದಾಗ ಹನ್ನೊಂದೇ ಇತ್ತು. ಒಂದು ಕೆಂಪು ಚುಕ್ಕೆ ಬಾಯಿ ಬಿಟ್ಟುಕೊಂಡಿತ್ತು. ಅವಳು ನೆಲ ನೋಡಿದಳು, ಚಾಪೆ ಕೊಡವಿದಳು. ಎಲ್ಲರೂ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದರು. ಎಲ್ಲರ ಮನೆಯಲ್ಲೂ ಒಂದೊಂದು ಸಕ್ಕರೆ ಡಬ್ಬ ಕಾಯುತ್ತಿತ್ತು. ಫೋನು ಮತ್ತೆ ಅರಚಿತು. ಎಲ್ಲೋ ನೆಲದ ಮೇಲೆ ಬಿದ್ದಿರಬೇಕು, ನಾಳೆ ಗುಡಿಸುವಾಗ ಸಿಗುತ್ತದೆ ಅಂದುಕೊಂಡಳು. ತನ್ನ ಪರ್ಸಿನಲ್ಲಿದ್ದ ಮನೆಯ ಸೂಜಿ ತೆಗೆದು ಹನ್ನೆರಡನೆಯ ಚುಕ್ಕೆಗೆ ಚುಚ್ಚಿದಳು.

"ಲೆಕ್ಕ?"

"ಸರಿ ಇದೆ."

ಮನೆಗೆ ಹೋದಾಗ ಸಕ್ಕರೆ ಡಬ್ಬ ಮೇಲಿನ ಶೆಲ್ಫಿನಲ್ಲಿ, ಎಡಗಡೆ, ನೀಲಿ ಮುಚ್ಚಳದೊಂದಿಗೆ ಕೂತಿತ್ತು.

ಈಗ, ಸುಟ್ಟ ಅಂಗಿಯನ್ನು ಮೇಜಿನ ಮೇಲೆ ಬಿಟ್ಟು, ಅವಳು ನೆನಪು ಮಾಡಿಕೊಳ್ಳಲು ನೋಡಿದಳು. ಯಾವ ಹೊದಿಕೆ ಅದು? ಹಳದಿಯದೋ, ಗೆರೆಗೆರೆಯದೋ? ಯಾರ ಹೆಸರಿನ ಪಟ್ಟಿ? ಹೊಳೆಯಲೇ ಇಲ್ಲ. ಗಂಡನ ಉಗುರುಕತ್ತರಿ, ಅತ್ತೆಯ ಕನ್ನಡಕದ ಹಳೇ ಚೀಟಿ, ಮಗಳ ಎರಡನೇ ಕ್ಲಾಸಿನ ಅಂಕಪಟ್ಟಿ, ಎಲ್ಲೆಲ್ಲಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲ ತಲೆ ಅದು. ತನ್ನ ಕೈಯ ಸೂಜಿ ಎಲ್ಲಿಟ್ಟೆ ಎಂಬುದಕ್ಕೆ ಮಾತ್ರ ಅದರಲ್ಲಿ ಜಾಗವಿರಲಿಲ್ಲ.

ಮಗಳ ತಲೆ ಬಾಚಲಿಲ್ಲ. "ಅಮ್ಮಾ, ಜಡೆ?" ಎಂದದ್ದು ಕೇಳಿಸಿತು. "ಇವತ್ತು ನೀನೇ ಹಾಕ್ಕೊ ಮಗಳೇ" ಎಂದು ಚಪ್ಪಲಿ ಮೆಟ್ಟಿದಳು. ಹೊಲಿಗೆಯ ಡಬ್ಬದಲ್ಲಿದ್ದ ಕುದುರೆಲಾಳದ ಆಕಾರದ ಪುಟ್ಟ ಅಯಸ್ಕಾಂತ ಮುಷ್ಟಿಯಲ್ಲಿತ್ತು.

ಹೆಡ್‌ಮಿಸ್ಸು ಬಾಗಿಲು ತೆಗೆದಾಗ ಅವರ ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷಿತ್ತು. "ಏನಮ್ಮ, ಕೋಳಿಗಿಂತ ಮುಂಚೆ?"

"ಓಲೆಯ ತಿರುಪು ಬಿದ್ದುಹೋಗಿದೆ ಮಿಸ್. ಇಲ್ಲೇ ಬಿತ್ತೇನೋ ಅಂತ."

ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ದಿಗಿಲಾಯಿತು. ಹಜಾರದಲ್ಲಿ ಮಂಡಿಯೂರಿ ಅಯಸ್ಕಾಂತವನ್ನು ನೆಲದ ಮೇಲೆ ಗುಡಿಸಿದ ಹಾಗೆ ಆಡಿಸಿದಳು. ಚಾಪೆಯ ಕೆಳಗೆ, ಕುರ್ಚಿಯ ಕಾಲಿನ ಸುತ್ತ, ಗೋಡೆಯ ಮೂಲೆಯ ದೂಳಿನಲ್ಲಿ. ಎರಡು ಗುಂಡುಪಿನ್ನು ಬಂದವು, ಒಂದು ಸೀಸೆಯ ಮುಚ್ಚಳ ಬಂತು. ಎಪ್ಪತ್ತರ ಹೆಡ್‌ಮಿಸ್ಸೂ ಬ್ರಷ್ಷು ಕೆಳಗಿಟ್ಟು ಅವಳ ಜೊತೆ ನೆಲಕ್ಕೆ ಬಗ್ಗಿದರು.

"ಚಿನ್ನ ಅಯಸ್ಕಾಂತಕ್ಕೆ ಅಂಟುತ್ತೇನೇ ಹುಚ್ಚಿ? ಏನು ಪಾಠ ಹೇಳಿಕೊಟ್ಟರು ನಿನಗೆ ಶಾಲೇಲಿ?"

"ಹೊದಿಕೆ ಗಂಟು ಎಲ್ಲಿ ಮಿಸ್? ಅದರಲ್ಲಿ ಬಿದ್ದಿರಬಹುದು."

"ಅದು ಆಗಲೇ ಹೋಯ್ತಲ್ಲ. ಯಜಮಾನರಿಗೆ ಹನ್ನೊಂದಕ್ಕೆ ಆಗಲ್ವಂತೆ, ಒಂಬತ್ತಕ್ಕೇ ಬರ್ತಾರಂತೆ. ಔಷಧದಂಗಡಿ ವ್ಯಾನು ಆರಕ್ಕೇ ಬಂದು ಹೊತ್ಕೊಂಡು ಹೋಯ್ತು."

ಅವಳು ಗೋಡೆ ಹಿಡಿದು ಎದ್ದಳು. "ಮಿಸ್, ಒಂದು ಮಾತು..."

"ಮಾತೆಲ್ಲ ಆಮೇಲೆ. ಒಂದು ವಿಷಯ ಹೇಳ್ಲಾ? ಈ ವಯಸ್ಸಿಗೆ ನನಗೆ ನಿದ್ದೆ ಅನ್ನೋದು ಬೆಕ್ಕಿನ ಹಾಗೆ, ಕರೆದ್ರೆ ಬರಲ್ಲ. ಆದರೆ ನೀನು 'ಸರಿ ಇದೆ' ಅಂದ ದಿನ ಮಾತ್ರ ಬೆಳಗಿನ ತನಕ ಎಚ್ಚರಾನೇ ಇಲ್ಲ ಕಣೇ." ಹೆಡ್‌ಮಿಸ್ಸು ಅವಳ ಕೆನ್ನೆ ತಟ್ಟಿದರು. "ಹೋಗು, ಒಂದೊಳ್ಳೆ ಬಟ್ಟೆ ಹಾಕ್ಕೊಂಡು ಬಾ. ಮುಖ ನೋಡು, ಬೂದಿ ಬಳಿದ ಹಾಗಿದೆ."

ಬಟ್ಟೆ ಬದಲಿಸಲು ಅವಳು ಹೋಗಲಿಲ್ಲ. ಆಸ್ಪತ್ರೆಯ ದಾರಿ ಹಿಡಿದು ಓಡುನಡಿಗೆಯಲ್ಲಿ ನಡೆದಳು. ಬೇಕರಿಯವನು ಬಾಗಿಲೆತ್ತುತ್ತಿದ್ದ. ಹಾಲಿನವನು "ಎಲ್ಲಿಗಕ್ಕಾ ಬೆಂಕಿ ಬಿದ್ದವರ ಹಾಗೆ?" ಎಂದ. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ಒಗೆದ ಬಟ್ಟೆ ಮತ್ತೆ ಒಗೆಯಲು ಹಾಕಿರಬಹುದು. ಕಾರ್ಯಕ್ರಮ ಮುಗಿಯುವ ತನಕ ಗಂಟು ಬಿಚ್ಚಿರಲಿಕ್ಕಿಲ್ಲ. ಇರಬಹುದು, ಇರಲಿಕ್ಕಿಲ್ಲ, ಇರಬಹುದು. ಹೆಜ್ಜೆಗೊಂದು.

ಎಳೆಮಕ್ಕಳ ವಾರ್ಡು ಮೊದಲ ಮಹಡಿಯ ಕೊನೆಗೆ. ಅದಕ್ಕೆ ಮುಂಚೆ ಬಟ್ಟೆ ಇಡುವ ಸಣ್ಣ ಕೋಣೆ. ಅಲ್ಲಿ ಆಯಾ ಹಾಸಿಗೆ ಬಟ್ಟೆ ಮಡಚುತ್ತ ಕೂತಿದ್ದಳು. ಇಪ್ಪತ್ತೈದು ವರ್ಷದಿಂದ ಅಲ್ಲೇ ಇರುವವಳು; ಹಸುಗೂಸಾಗಿದ್ದ ಇವಳ ಮಗಳ ಒದ್ದೆ ಚಿಂದಿಯನ್ನೂ ಬದಲಿಸಿದ್ದವಳು.

"ಓಹೋ, ಸೂಜಿಯಕ್ಕ! ಚೀಟಿ ಇಲ್ಲದೆ ಮೇಲೆ ಹೆಂಗೆ ಬಂದೆ? ದೊಡ್ಡ ಸಿಸ್ಟರ್ ಕಂಡ್ರೆ ನನ್ನ ತೊಗಲು ಸುಲಿದು ಅದಕ್ಕೂ ನಿನ್ನ ಕೈಲಿ ಹೆಸರು ಪಟ್ಟಿ ಹೊಲಿಸ್ತಾರೆ."

"ಪಟ್ಟಿಗಳು ಸರಿಯಾಗಿ ಕೂತಿವೆಯಾ ನೋಡ್ಬೇಕಿತ್ತು ಆಯಮ್ಮ. ಗಂಟು ಎಲ್ಲಿ?"

"ಇಗೋ, ಇಪ್ಪತ್ತು ಇಲ್ಲಿದೆ. ಹತ್ತು ಆಗ್ಲೇ ಮಕ್ಕಳ ಮೇಲಿದೆ. ನೀವು ಒಗೆದೇ ಕಳಿಸ್ತೀರಲ್ಲ. ಬೆಳಿಗ್ಗೆ ಚಳಿ ಬೇರೆ. ಫೋಟೋದಲ್ಲೂ ಬಣ್ಣಬಣ್ಣ ಕಾಣುತ್ತೆ ಅಂತ ಸಿಸ್ಟರೇ ಹೊದಿಸಿಬಿಟ್ರು." ಆಯಾ ಮಡಚಿದ ಬಟ್ಟೆಯ ರಾಶಿ ಎತ್ತಿಕೊಂಡು ಎದ್ದಳು. "ನೋಡ್ಕೊ. ನಾನು ಇದನ್ನ ಕೊಟ್ಟು ಬರ್ತೀನಿ. ಯಾರಾದ್ರೂ ಬಂದ್ರೆ ನೀನು ನನಗೆ ಗೊತ್ತಿಲ್ಲ, ನಾನು ನಿನಗೆ ಗೊತ್ತಿಲ್ಲ."

ಇಪ್ಪತ್ತು ಇಲ್ಲಿ, ಹತ್ತು ಅಲ್ಲಿ. ದೇವರೇ, ಇಲ್ಲಿರಲಿ.

ಕೋಣೆಯಲ್ಲಿ ಒಂದೇ ಕಿಟಕಿ, ಸೋಪಿನ ಮತ್ತು ಬಿಸಿ ಬಟ್ಟೆಯ ವಾಸನೆ. ಅವಳು ನೆಲದ ಮೇಲೆ ಕೂತು ಮೊದಲ ಹೊದಿಕೆಯನ್ನು ತೊಡೆಯ ಮೇಲೆ ಹರಡಿದಳು. ಅಂಚಿನ ಉದ್ದಕ್ಕೂ ಹೆಬ್ಬೆರಳಿನಿಂದ ಅಂಗುಲ ಅಂಗುಲವಾಗಿ ಒತ್ತಿದಳು. ಚುಚ್ಚಲಿ, ನನಗೇ ಚುಚ್ಚಲಿ ಎಂದು ಉಗುರಿನ ಬುಡದಿಂದ ಒತ್ತಿದಳು. ಆಮೇಲೆ ಅಯಸ್ಕಾಂತ ಆಡಿಸಿದಳು. ಹತ್ತಿ ಹೊದಿಕೆಯ ಮೇಲೆ ಆ ಪುಟ್ಟ ಅಯಸ್ಕಾಂತಕ್ಕೆ ಹೆಚ್ಚು ಶಕ್ತಿಯಿಲ್ಲ. ಕಬ್ಬಿಣದಂಗಡಿಯಲ್ಲಿ ಹಗ್ಗಕ್ಕೆ ಕಟ್ಟಿದ ರೊಟ್ಟಿಯಗಲದ ಅಯಸ್ಕಾಂತ ಇದೆ, ಚೆಲ್ಲಿದ ಮೊಳೆಗಳನ್ನು ಜೇನುಹುಳುಗಳ ಹಾಗೆ ಎಳೆದುಕೊಳ್ಳುತ್ತದೆ, ಅದು ಬೇಕಿತ್ತು. ಅದನ್ನು ಕೇಳಲು ಯಾಕೆ ಎಂದು ಹೇಳಬೇಕಿತ್ತು.

ಒಂದರಲ್ಲಿ ಇಲ್ಲ. ಎರಡರಲ್ಲಿ ಇಲ್ಲ. ಐದರಲ್ಲಿ ಇಲ್ಲ.

ಒಂದೊಂದು ಹೊದಿಕೆ ಸುರಕ್ಷಿತ ಎಂದು ಗೊತ್ತಾದಂತೆ ಮನಸ್ಸು ಹಗುರಾಗಬೇಕಿತ್ತು. ಆದದ್ದು ತಿರುಗುಮುರುಗು. ಇಲ್ಲಿ ಇಲ್ಲ ಎಂದಷ್ಟೂ ಅಲ್ಲಿ ಇದೆ ಎಂದಾಗುತ್ತಿತ್ತು. ಹತ್ತನೆಯದನ್ನು ಮಡಚಿ ಪಕ್ಕಕ್ಕಿಟ್ಟಳು. ಗೋಡೆಯಾಚೆ ಒಂದು ಮಗು ಅತ್ತಿತು. ಬೆಕ್ಕಿನ ಮರಿಯಂಥ ಸಣ್ಣ ದನಿ. ಅವಳು ಕೈಯಲ್ಲಿದ್ದುದನ್ನು ಬಿಟ್ಟು ಎದ್ದು ಕಿವಿಗೊಟ್ಟು ನಿಂತಳು. ಅಳು ನಿಂತಿತು. ನಿಂತದ್ದು ಅಳುವಿಗಿಂತ ಹೆಚ್ಚು ಹೆದರಿಸಿತು.

ಪರ್ಸಿನೊಳಗೆ ಫೋನು ಗುರುಗುಟ್ಟಿತು. ಗಂಡ. ಅವಳು ಎತ್ತಲಿಲ್ಲ. ಹದಿಮೂರು. ಹದಿನಾಲ್ಕು. ಹದಿನೇಳನೆಯದರಲ್ಲಿ ಅವಳದೇ ಹಳೆಯ ಸೀರೆಯ ಒಂದು ತುಂಡಿತ್ತು, ಮೊದಲ ವರ್ಷದ್ದು, ಇನ್ನೂ ಮುಗಿದಿರಲಿಲ್ಲ. ಅದರಲ್ಲೂ ಇರಲಿಲ್ಲ.

ಬಾಗಿಲಲ್ಲಿ ನೆರಳು ಬಿತ್ತು. ಆಸ್ಪತ್ರೆಯ ನಿಲುವಂಗಿ ತೊಟ್ಟ ಒಬ್ಬ ಹುಡುಗಿ, ಗೋಡೆ ಹಿಡಿದು ನಿಂತಿದ್ದಳು. ಹೆತ್ತು ಎರಡು ಮೂರು ದಿನವಾಗಿರಬೇಕು.

"ನೀವೇನಾ ಅಕ್ಕ ಇದನ್ನ ಹೊಲಿಯೋದು? ಆಯಮ್ಮ ಹೇಳಿದ್ರು."

ಅವಳು ತಲೆಯಾಡಿಸಿದಳು.

"ನನ್ನ ಪಾಪು ಬಾಗಿಲಿಂದ ಮೂರನೇದು. ಹಸಿರು ಹೊದಿಕೆ. ನಿನ್ನೆಯೆಲ್ಲ ನಡುಗ್ತಾ ಇತ್ತು. ಈಗ ನೋಡಿ, ಅಲ್ಲಾಡ್ದೆ ಮಲಗಿದೆ." ಹುಡುಗಿಯ ಕಣ್ಣು ತುಂಬಿತ್ತು. "ಒಳಗೆ ಬಿಡಲ್ವಲ್ಲ ನಮ್ಮನ್ನ. ಗಾಜಿಂದ ನೋಡ್ತೀನಿ ಅಷ್ಟೇ. ನಿಮ್ಮ ಹೊದಿಕೆ ಆದ್ರೂ ಅದರ ಹತ್ರ ಇದೆಯಲ್ಲಾ ಅಂತ ಸಮಾಧಾನ."

ಹುಡುಗಿ ಗೋಡೆ ಹಿಡಿದೇ ವಾಪಸು ಹೋದಳು. ಸೂಜಿಯಕ್ಕ ಉಳಿದ ಮೂರನ್ನು ನೋಡಿದಳು. ಹದಿನೆಂಟು. ಹತ್ತೊಂಬತ್ತು. ಇಪ್ಪತ್ತನೆಯದನ್ನು ಎರಡು ಸಲ ನೋಡಿದಳು, ಮೂರನೆಯ ಸಲ ಹಲ್ಲಿನಿಂದ ಅಂಚು ಕಚ್ಚಿ ಕಚ್ಚಿ ನೋಡಿದಳು. ಹತ್ತಿ, ದಾರ, ಬಟ್ಟೆ. ಅಷ್ಟೇ.

ಕೆಳಗೆ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ಮೆಟ್ಟಿಲ ಮೇಲೆ ಹಲವು ಹೆಜ್ಜೆಗಳು, ಹೆಡ್‌ಮಿಸ್ಸಿನ ನಗು, ಯಜಮಾನರ ದಪ್ಪ ಗಂಟಲು.

ಅವಳು ಬಾಗಿಲನ್ನು ಒಳಗಿನಿಂದ ಅರ್ಧ ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತಳು. ಕೋಣೆಯಲ್ಲಿ ಅವಳು ಒಬ್ಬಳೇ, ಮತ್ತು ಮಡಚಿಟ್ಟ ಇಪ್ಪತ್ತು ಹೊದಿಕೆ. ಯಾರಿಗೂ ಗೊತ್ತಿಲ್ಲ. ಮೆತ್ತೆಯ ಮೇಲೆ ಹನ್ನೆರಡು ಸೂಜಿ ಇವೆ, ಬೇಕಾದವರು ಎಣಿಸಿಕೊಳ್ಳಬಹುದು. ಸೂಜಿ ಯಾರದಾದರೂ ಚೀಲಕ್ಕೆ, ಚಪ್ಪಲಿಗೆ ಅಂಟಿ ಹೋಗಿರಲೂಬಹುದು. ಒಂದು ತಾಸು ಸುಮ್ಮನಿದ್ದರೆ ಯಜಮಾನರು ಮಾತು ಕೊಟ್ಟು ಹೋಗುತ್ತಾರೆ, ಬಿಸಿ ತೊಟ್ಟಿಲು ಬರುತ್ತದೆ, ಅದರಲ್ಲಿ ಎಷ್ಟೋ ಮಕ್ಕಳು ಉಳಿಯುತ್ತವೆ. ಆಮೇಲೆ ಪಟ್ಟಿ ಸೊಟ್ಟಗಿದೆ ಎಂದೋ ಏನೋ ಹೇಳಿ ಹತ್ತೂ ಹೊದಿಕೆ ವಾಪಸು ಪಡೆಯಬಹುದು. ಒಂದೇ ಒಂದು ತಾಸು.

ಈಗ ಬಾಯಿಬಿಟ್ಟರೆ? ಯಜಮಾನರು ಮುಖ ತಿರುಗಿಸಿ ಮೆಟ್ಟಿಲಿಳಿಯುತ್ತಾರೆ. ದೊಡ್ಡ ಸಿಸ್ಟರ್ ಆಡಿದ ಮಾತಿಗೆ ತಪ್ಪುವವರಲ್ಲ. ಒಂದೆಳೆ ದಾರವೂ ಇನ್ನು ಒಳಗೆ ಬಾರದು. ಹೊದಿಕೆ ಇಲ್ಲದಿದ್ದರೆ ಗುಂಪಿಲ್ಲ. ಆ ಹಜಾರ, ಆ ಚಾಪೆ, ವಾರಕ್ಕೊಮ್ಮೆ ಸಿಗುವ ಎರಡು ಗಂಟೆ, ಹೊಟ್ಟೆ ಹುಣ್ಣಾಗುವ ನಗು, ಬಾಗಿಲಲ್ಲಿ ಕಾದು ನಿಂತು ತನ್ನ ಒಂದು ಮಾತಿಗೆ ತಲೆದೂಗುವ ಹನ್ನೊಂದು ಹೆಂಗಸರು. ಅವರ ಮುಖಕ್ಕೆಲ್ಲ ತಾನು ಮಸಿ ಬಳಿದಂತೆ. ಮನೆಯಲ್ಲಿ ಗಂಡ ಏನೆನ್ನುತ್ತಾನೆಂಬುದೂ ಗೊತ್ತು. ನಾಳೆಯಿಂದ ಅವಳು ಮತ್ತೆ ಬರೀ ಸಕ್ಕರೆ ಡಬ್ಬ ಎಲ್ಲಿದೆ ಎಂದು ಗೊತ್ತಿರುವವಳು.

ಹದಿಮೂರು ವರ್ಷದ ಹಿಂದೆ ಇದೇ ಗಾಜಿನ ಹೊರಗೆ ಅವಳೂ ನಿಂತಿದ್ದಳು. ಒಳಗೆ ತನ್ನ ಮಗುವಿನ ಮೈಮೇಲೆ ಯಾರು ಏನು ಹೊದಿಸುತ್ತಾರೆ, ಯಾರ ಕೈ ತೊಳೆದಿದೆ, ಯಾರ ಕೈ ತೊಳೆದಿಲ್ಲ ಎಂದು ಕೇಳುವ ಹಾಗಿರಲಿಲ್ಲ. ಹದಿನೆಂಟು ದಿನ ಎಲ್ಲರನ್ನೂ ನಂಬಿಯೇ ನಿಂತಿದ್ದಳು. ಅವರಲ್ಲಿ ಯಾರಾದರೂ ಒಬ್ಬರು, ಒಂದೇ ಒಂದು ತಾಸು ಸುಮ್ಮನಿದ್ದಿದ್ದರೆ?

ಬಾಗಿಲಿಂದ ಮೂರನೆಯದು, ಹಸಿರು ಹೊದಿಕೆ. ಅಲ್ಲಾಡದೆ ಮಲಗಿದೆ. ಅಲ್ಲಾಡಿದರೆ?

ಫೋನು ಮತ್ತೆ ಗುರುಗುಟ್ಟಿತು. ಅದನ್ನು ತೆಗೆದು ಹೊದಿಕೆಗಳ ರಾಶಿಯ ಮೇಲೆ ಇಟ್ಟಳು. ಅದು ಅಲ್ಲೇ ಗುರುಗುಟ್ಟುತ್ತಿರಲಿ ಎಂದು ಬಾಗಿಲು ತೆರೆದಳು.

ವಾರ್ಡಿನ ಬಾಗಿಲ ಮುಂದೆ ಎಲ್ಲರೂ ಸೇರಿದ್ದರು. ಯಜಮಾನರು ಚಪ್ಪಲಿ ಬಿಡುತ್ತಿದ್ದರು. ಹೆಡ್‌ಮಿಸ್ಸು ಇವಳನ್ನು ಕಂಡು, "ಅಗೋ, ಇವಳೇ ನಮ್ಮ ಸೂಜಿಯಕ್ಕ. ತಿರುಪು ಸಿಕ್ಕಿತೇನೇ?" ಎಂದರು. ದೊಡ್ಡ ಸಿಸ್ಟರ್ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ವರ್ಷವೂ ಕೇಳುವಂತೆ, ಅರ್ಧ ನಗುತ್ತ ಕೇಳಿದರು.

"ಏನ್ ಸೂಜಿಯಕ್ಕ, ಲೆಕ್ಕ?"

"ಸರಿ ಇಲ್ಲ ಸಿಸ್ಟರ್."

ಸಿಸ್ಟರ್ ಮುಖದ ಮೇಲಿನ ನಗು ಇನ್ನೂ ಇಳಿದಿರಲಿಲ್ಲ. ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಅವಳು ಇನ್ನೂ ಗಟ್ಟಿಯಾಗಿ ಹೇಳಿದಳು.

"ಒಂದು ಕಮ್ಮಿ ಇದೆ. ನಾನೇ ಚುಚ್ಚಿಟ್ಟು ಮರೆತೆ, ನಾನೇ ಸುಳ್ಳು ಹೇಳಿದೆ. ಮಿಸ್‌ಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಇಪ್ಪತ್ತು ಹುಡುಕಿದೆ, ಅದರಲ್ಲಿಲ್ಲ. ಹತ್ತು ಮಕ್ಕಳ ಮೇಲಿಂದಾನೂ ಹೊದಿಕೆ ತೆಗೀರಿ. ಎಳೀಬೇಡಿ, ಮೆಲ್ಲಗೆ ಎತ್ತಿ. ಮೊದಲು ಮೂರನೇದು." ಆಮೇಲೆ ಒಂದು ಕಾಲಿನ ಚಪ್ಪಲಿ ಮಾತ್ರ ಬಿಟ್ಟು ನಿಂತಿದ್ದ ಕಬ್ಬಿಣದಂಗಡಿಯವರ ಕಡೆ ತಿರುಗಿದಳು. "ಯಜಮಾನ್ರೇ, ಬೈಯೋದು ಆಮೇಲೆ ಬೈರಿ. ನಿಮ್ಮ ಅಂಗಡೀಲಿ ಹಗ್ಗಕ್ಕೆ ಕಟ್ಟಿರೋ ಆ ದೊಡ್ಡ ಅಯಸ್ಕಾಂತ, ಈಗಲೇ ತರಿಸಿ."